ಜಾಗ ಕೊಟ್ಟವನು

ಸುವಾನಿ, ಜಾರ್ಜಿಯಾ
೧೪ ಮಾರ್ಚ್ ೨೦೨೩

ಬುದ್ಧಿಯವರ ಪಾದಕ್ಕೆ ಅಣ್ಣ ಗುರುಶಾಂತಪ್ಪನ ಶರಣು.

ನಿಮ್ಮ ಕಾಗದ ಬಂದು ನಾಲ್ಕು ತಿಂಗಳಾಯಿತು. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳು. ಮಗಳ ಮನೆಯಲ್ಲಿ ನನಗೇನು ಕೆಲಸ? ಕೂತರೆ ಏಳಬೇಕು, ಎದ್ದರೆ ಗರಾಜಿನವರೆಗೆ ಹೋಗಿ ವಾಪಸ್ಸು ಬರಬೇಕು. ಮೂರು ಸಲ ಬರೆದು ಹರಿದೆ. ಐದನೇ ಕ್ಲಾಸಿನ ಕನ್ನಡ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಪೀಠ ಬಿಟ್ಟು ನಂಜನಗೂಡಿನ ಮನೆಗೆ ಬಂದುಬಿಡಲೇ ಎಂದು ಕೇಳಿದ್ದೀರಿ. ಭಕ್ತರು ಬೇಡವೆನ್ನುತ್ತಾರೆ, ಅಣ್ಣ ಹೇಳಿದಂತೆ ಆಗಲಿ ಎಂದಿದ್ದೀರಿ. ಈ ಅರವತ್ತು ವರ್ಷದಲ್ಲಿ ನನ್ನನ್ನು ಯಾರು ಏನು ಕೇಳಿದ್ದರು?

ಮೊಮ್ಮಗಳು ಶ್ರಾವಣಿ ಕಾಲೇಜಿನಲ್ಲಿ ಸ್ಪೇನಿನ ಗಲೀಸಿಯಾ ಎಂಬ ಸೀಮೆಯ ಹಳೆಯ ಚರಿತ್ರೆ ಓದುತ್ತಾಳೆ. ಮೊನ್ನೆ ನಾರ್‌ಕ್ರಾಸ್‌ನ ಇಂಡಿಯನ್ ಅಂಗಡಿಗೆ ರಾಗಿಹಿಟ್ಟು ತರಲು ಹೊರಟಾಗ ಕಾರಿನಲ್ಲಿ ಕೇಳಿದಳು: "ಅಜ್ಜ, ಬಿಷಪ್ ಅಂದ್ರೆ ನಮ್ಮ ಸ್ವಾಮೀಜಿ ಥರಾನಾ?" ಹಾಗೇ ಅಂದುಕೋ ಎಂದೆ. ಸಾವಿರ ವರ್ಷದ ಹಿಂದೆ ರೊಸೆಂಡೊ ಎಂಬವನನ್ನು ಮೀಸೆ ಬಲಿಯುವ ಮೊದಲೇ ಬಿಷಪ್ ಮಾಡಿದರಂತೆ. ಅವನು ಸೆಲನೋವಾದಲ್ಲಿ ಮಠ ಕಟ್ಟಿಸಿ, ಕಡೆಗೆ ಪದವಿ ಬಿಟ್ಟು ಅಲ್ಲೇ ಹೋಗಿ ಇದ್ದನಂತೆ. ತಾಯಿ ಹತ್ತಿರದಲ್ಲೇ ಹೆಂಗಸರ ಮಠ ಮಾಡಿಕೊಂಡಿದ್ದಳಂತೆ.

"ದಿನಾ ನೋಡ್ತಿದ್ಳಾ ಮಗನ್ನ?"

"ಅದು ಬುಕ್ಕಲ್ಲಿ ಇಲ್ಲ ಅಜ್ಜ."

ಇಲ್ಲದಿದ್ದರೆ ಅದೆಂಥ ಬುಕ್ಕು ಎಂದು ರೇಗಿದೆ. ಪಾಪ, ಹುಡುಗಿ ಅಂಗಡಿಯಲ್ಲಿ ಹಿಟ್ಟಿನ ಚೀಲ ತಾನೇ ಹೊತ್ತು ತಂದಳು.

ನಮ್ಮವ್ವ ವರ್ಷಕ್ಕೊಮ್ಮೆ ಮಠಕ್ಕೆ ಬಂದು, ಎಲ್ಲರ ಜೊತೆ ಸಾಲಿನಲ್ಲಿ ನಿಂತು, ಹೆತ್ತ ಮಗನ ಪಾದಕ್ಕೆ ಹಣೆ ಮುಟ್ಟಿಸಿ ಎದ್ದು ಬರುತ್ತಿದ್ದಳು. ನೀವು ಬಾಳೆಹಣ್ಣು ಕೊಡುತ್ತಿದ್ದಿರಿ. ಅದನ್ನು ತಿನ್ನುತ್ತಿರಲಿಲ್ಲ. ಕಪ್ಪಾಗುವವರೆಗೂ ಗೂಡಿನಲ್ಲಿ ಇಟ್ಟಿರುತ್ತಿದ್ದಳು.

ಬಿಟ್ಟು ಬನ್ನಿ. ಭಕ್ತರಿಗೆ ಇನ್ನೊಬ್ಬರು ಸಿಗುತ್ತಾರೆ. ನಾನೂ ಬರುತ್ತೇನೆ. ಟಿಕೆಟ್ ಮಾಡಿಸು ಎಂದರೆ ಮಗಳು ಶ್ರೀಲತಾ, ಮೊದಲು ಬಿಪಿ ಇಳಿಯಲಿ ಎನ್ನುತ್ತಾಳೆ. ಇವಳ ಮಾತಿಗೇ ಏರುತ್ತದೆ ಅದು.

ಸ್ವಾಮಿಗಳಿಗೆ ಅಣ್ಣ ಆಶೀರ್ವಾದ ಮಾಡುವಂತಿಲ್ಲ. ಆದರೂ ಮಾಡಿದ್ದೇನೆ, ಯಾರಿಗೂ ಹೇಳಬೇಡಿ.

ಗುರುಶಾಂತಪ್ಪ

ತಾ.ಕ.: ಕಾಗದ ಹರಿದದ್ದು ಇದಕ್ಕೆ. ಹಿರಿಯ ಬುದ್ಧಿಯವರು ಮುಂದಿನ ಪೀಠಕ್ಕೆ ಒಬ್ಬ ಹುಡುಗನನ್ನು ಕೊಡಿ ಎಂದು ಮನೆಗೆ ಬಂದಾಗ ಅಪ್ಪ ಕೊಡಲು ಒಪ್ಪಿದ್ದು ನನ್ನನ್ನು. ನನಗೆ ಹನ್ನೊಂದು, ನಿನಗೆ ಆರು. ನಾನು ಕಂಬ ತಬ್ಬಿಕೊಂಡು, "ಮಾದೂನ ಕರ್ಕೊಂಡೋಗಿ, ಅವನು ಅಳಲ್ಲ" ಎಂದೆ. ನೀನು ಅಳಲಿಲ್ಲ, ಮಾದೂ. ರೊಸೆಂಡೊ ಮಠ ಕಟ್ಟಿದ ಜಾಗ ಅವನ ಒಡಹುಟ್ಟಿದವನು ಕೊಟ್ಟದ್ದಂತೆ. ಅವನು ಜಾಗ ಕೊಟ್ಟ. ನಾನು ನಿನ್ನನ್ನು ಕೊಟ್ಟೆ.