ಮದಾಂಗಳೇ, ಮತ್ತು ಮದ್ಮಝೆಲ್

ಮಿಯೋ, ಫ್ರಾನ್ಸ್, ಮಾರ್ಚ್ ೧೧, ೨೦೧೩

ಪ್ರೀತಿಯ ಯುಗೆಟ್,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೇನೆ, ಬೈದುಕೋ. ಮೊಮ್ಮಗಳಿಗೆ ಹಲ್ಲು ಬಂತೇ? ನನ್ನ ಮಂಡಿನೋವು ಹಾಗೇ ಇದೆ. ಆದರೆ ತಡಕ್ಕೆ ಕಾರಣ ಮಂಡಿಯಲ್ಲ ಕಣೆ, ಹೊಟ್ಟೆಯುರಿ.

ನೀನು ಬಿಟ್ಟುಹೋದ ಕೈಗವಸಿನ ಕಾರ್ಖಾನೆಯಲ್ಲಿ ಮೊನ್ನೆಮೊನ್ನೆಯವರೆಗೂ ಅದೇ ರೂಢಿ ನಡೆದಿತ್ತು. ಬೆಳಿಗ್ಗೆ ಯಜಮಾನ ಫಾಬ್ರೆಗ್ ಬಾಗಿಲಲ್ಲಿ ಟೋಪಿ ತೆಗೆದು "ನಮಸ್ಕಾರ, ಮದಾಂಗಳೇ" ಎನ್ನುವರು. ಆಮೇಲೆ ಒಂದು ಗಳಿಗೆ ತಡೆದು, ಕಿಟಕಿ ಪಕ್ಕದ ನನ್ನ ಹೊಲಿಗೆ ಯಂತ್ರದತ್ತ ತಿರುಗಿ, "ಮತ್ತು ಮದ್ಮಝೆಲ್." ಅಲ್ಲಿ ಮದುವೆಯಾಗದವಳು ನಾನೊಬ್ಬಳೇ. ಆ ನೋಟ ನನ್ನೊಬ್ಬಳದೇ ಆಗಿತ್ತು.

ಅಷ್ಟರಲ್ಲಿ ಹೊಸದಾಗಿ ಕೆಲಸಕ್ಕೆ ಬಂದಳು ನೋಡು ಸೊಲೆನ್! ಎಳೆ ಹುಡುಗಿ, ಮದುವೆಯಾಗಿಲ್ಲ. ಮರುದಿನವೇ ಯಜಮಾನರು "ಮತ್ತು ಮದ್ಮಝೆಲ್‌ಗಳೇ" ಎಂದು ನಮ್ಮಿಬ್ಬರನ್ನೂ ಒಟ್ಟಿಗೆ ಕರೆದರು. ನೋಡಿದ್ದು ಮಾತ್ರ ಅವಳನ್ನು! ಮೈಯೆಲ್ಲ ಉರಿದುಹೋಯಿತು. ಅವಳ ಕತ್ತು ಎಷ್ಟು ಉದ್ದ ಗೊತ್ತೇ? ಹೊಲಿಗೆ ಸೊಟ್ಟ.

ಹೋದ ತಿಂಗಳು, ನಾವು ಬ್ರೆಡ್ಡು ಚೀಸು ಬಿಚ್ಚಿಕೊಂಡು ಕೂತಿದ್ದಾಗ ಯಜಮಾನರು ಬಂದರು. ಸೊಲೆನ್ ಎದ್ದು ನಿಂತಳು.

"ಸಾರ್, ನನ್ ಮದ್ವೆ ಆಗಿದ್ಯೋ ಇಲ್ವೋ ಅಂತ ದಿನಾ ಬೆಳಿಗ್ಗೆ ಸಾರ್ಬೇಕಾ? ಸರ್ಕಾರಿ ಅರ್ಜಿಲೇ ಆ ಪದ ತೆಗ್ದಾಕಿದಾರೆ. ಎಲ್ರನ್ನೂ ಮದಾಂ ಅನ್ನಿ, ಸಾಕು."

"ಅಯ್ಯೋ, ನನ್ನನ್ಯಾರಾದ್ರೂ ಮದ್ಮಝೆಲ್ ಅಂದ್ರೆ ಗಂಡನ್ನೇ ಬಿಟ್ಟು ಬರ್ತೀನಿ ಕಣ್ರೇ!" ಎಂದು ನಮ್ಮ ದಪ್ಪ ಜಿನೆಟ್ ನಕ್ಕಳು.

ಯಜಮಾನರು ನನ್ನತ್ತ ತಿರುಗಿದರು. "ನೀವೇನಂತೀರಿ, ಮದ್ಮಝೆಲ್?"

ಅವಳಿಂದ ಆ ನೋಟವನ್ನು ಕಿತ್ತುಕೊಂಡರೆ ಸಾಕಾಗಿತ್ತು ನನಗೆ. "ಸರಿಯಾಗೇ ಹೇಳ್ತಿದಾಳೆ, ಬಿಟ್ಬಿಡಿ ಸಾರ್" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಸೊಲೆನ್ ಬಂದು ಎರಡೂ ಕೆನ್ನೆಗೆ ಮುತ್ತಿಟ್ಟಳು, ಹಾಳಾದವಳು.

ಈಗ ಯಜಮಾನರು "ನಮಸ್ಕಾರ, ಮದಾಂಗಳೇ" ಎಂದವರೇ ಹೊರಟುಹೋಗುತ್ತಾರೆ. ಸೊಲೆನ್‌ಗೆ ಅದರ ಪರಿವೆಯೇ ಇಲ್ಲ, ಹಾಡಿಕೊಂಡು ಹೊಲಿಯುತ್ತಾಳೆ. ನಾನು ಮಾತ್ರ ಇನ್ನೂ ಕತ್ತೆತ್ತಿ ಕಾಯುತ್ತೇನೆ.

ನೀನೂ ಮಕ್ಕಳೂ ತಣ್ಣಗಿರಿ. ಕೂಸಿನ ಹಣೆಗೆ ನನ್ನದೊಂದು ಮುತ್ತು.

ನಿನ್ನ
ಒಡಿಲ್

ತಾ.ಕ.: ನಿನ್ನ ಅಣ್ಣ ಆಲ್ಬನ್ ನನ್ನನ್ನು ಮದುವೆಯಾಗೆಂದು ಕೇಳಿದಾಗ ಒಲ್ಲೆನೆಂದದ್ದೇಕೆಂದು ಇಷ್ಟು ವರ್ಷ ಕೇಳುತ್ತಲೇ ಇದ್ದೀಯ. ಅವನು ಒಳ್ಳೆಯವನೇ, ನನಗೂ ಇಷ್ಟವಾಗಿದ್ದ. ಆದರೆ ಅವನನ್ನು ಕಟ್ಟಿಕೊಂಡ ಮರುದಿನ ಬೆಳಿಗ್ಗೆ ಯಜಮಾನರು ಬರೀ "ಮದಾಂಗಳೇ" ಎಂದು ಹೋಗಿಬಿಡುತ್ತಿದ್ದರಲ್ಲೇ.