ಇಪ್ಪತ್ತಮೂರನೇ ತಾರೀಕಿನ ಪತ್ರಿಕೆ

ಗ್ರಾಟನ್, ಕನೆಟಿಕಟ್
31 ಆಗಸ್ಟ್ 2003, ಭಾನುವಾರ

ಮುದ್ದಿನ ನೋಯೆಲ್,

ಹೇಗಿದ್ದೀಯಪ್ಪಾ? ಬೆನ್ನುನೋವು ಹೇಗಿದೆ? ಜಲಾಂತರ್ಗಾಮಿಯ ಆ ಗೂಡಿನಂಥ ಮಂಚದಲ್ಲಿ ಮಲಗಿ ಮತ್ತೆ ಹಿಡಿದುಕೊಂಡಿರಬೇಕು. ನನಗೆ ಮೊಣಕಾಲು ಒಂದು ಬಿಟ್ಟರೆ ಬೇರೇನೂ ಕಾಯಿಲೆಯಿಲ್ಲ. ನೀವು ದಡ ಮುಟ್ಟಿದ ಕೂಡಲೇ ನೌಕಾಪಡೆಯ ಪಾದ್ರಿಗಳು ಈ ಕಾಗದವನ್ನು ನಿನ್ನ ಕೈಗೆ ಕೊಡುತ್ತಾರೆ. ಮನೆಯ ಸುದ್ದಿ ಒಂದನ್ನು ಹೇಳಬೇಕಾಗಿದೆ. ಎದುರಿಗೆ ನಿಂತರೆ ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯಲು ಕೂತೆ. ಈಗ ನೋಡಿದರೆ ಪೆನ್ನೂ ಅತ್ತ ಹೋಗುತ್ತಿಲ್ಲ. ಮೊದಲು ಜಗತ್ತಿನದನ್ನು ಮುಗಿಸಿಬಿಡುತ್ತೇನೆ.

ನೀನು ಬೈಯುತ್ತೀ, ಗೊತ್ತು. ನೀರಿನಡಿ ಕಳೆದ ದಿನಗಳ ಪತ್ರಿಕೆಗಳನ್ನೆಲ್ಲ ಅಡುಗೆಮನೆಯ ಮೇಜಿನ ಮೇಲೆ ಇಟ್ಟುಕೊಂಡು, ಮೊದಲ ದಿನದಿಂದ ಒಂದೊಂದಾಗಿ ಓದುವುದು ನಿನ್ನ ಪದ್ಧತಿ. "ಅಪ್ಪಾ, ಬಾಯಿ ಬಿಟ್ರೆ ನೋಡಿ! ನಾನೇ ಓದ್ಕೋತೀನಿ" ಎನ್ನುತ್ತೀ. ಹೋದ ಸಲ ಬೇಸ್‌ಬಾಲ್ ಗೆದ್ದವರು ಯಾರೆಂದು ಕಾರಿನಲ್ಲೇ ಉಸುರಿ ಬೈಸಿಕೊಂಡವನು ನಾನು. ನಲವತ್ತು ವರ್ಷ ಹಡಗುಕಟ್ಟೆಯಲ್ಲಿ ಬೆಸುಗೆ ಹಾಕಿದವನಿಗೆ ಬಾಯಿಗೆ ಮಾತ್ರ ಬೆಸುಗೆ ಹಾಕಲು ಬರಲಿಲ್ಲ ಎಂದು ಅಮ್ಮ ಎಷ್ಟು ನಕ್ಕಳು!

ಈ ತಿಂಗಳು ಒಂದೇ ಎರಡೇ! ಹದಿನಾಲ್ಕರಂದು ನ್ಯೂಯಾರ್ಕಿನಿಂದ ಕೆನಡಾದವರೆಗೆ ಕರೆಂಟು ಹೋಯಿತು. ಜನ ಸೇತುವೆ ದಾಟಿ ನಡೆದೇ ಮನೆ ಸೇರಿದರು. ನಮ್ಮಲ್ಲಿ ಹೋಗಲಿಲ್ಲ, ಆದರೂ ಅಮ್ಮ ಮೇಣದಬತ್ತಿ ಹುಡುಕಿಟ್ಟಳು. ಹತ್ತೊಂಬತ್ತರಂದು ಬಾಗ್ದಾದಿನಲ್ಲಿ ವಿಶ್ವಸಂಸ್ಥೆಯ ಕಟ್ಟಡದ ಬಳಿ ಲಾರಿ ಬಾಂಬು ಸಿಡಿಯಿತು. ನೀನು ಆ ದಿಕ್ಕಿನಲ್ಲಿದ್ದೀಯೋ ಏನೋ ಎಂದು ಅವಳಿಗೆ ಅವತ್ತು ಊಟ ಸೇರಲಿಲ್ಲ. ಎಲ್ಲಿದ್ದೀರೆಂದು ನೀವು ಹೇಳುವ ಹಾಗಿಲ್ಲ, ನಾವು ಕೇಳುವ ಹಾಗಿಲ್ಲ, ಎಂಥಾ ನೌಕರಿಯಪ್ಪಾ ಇದು! ಇಪ್ಪತ್ತೇಳರಂದು ಮಂಗಳ ಗ್ರಹ ಭೂಮಿಗೆ ತೀರಾ ಹತ್ತಿರ ಬಂದಿತ್ತಂತೆ, ಅರವತ್ತು ಸಾವಿರ ವರ್ಷಕ್ಕೊಮ್ಮೆ. ನೋಡಲೇಬೇಕೆಂದು ಅಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಳು. ನಾನು ಅಂಗಳಕ್ಕೆ ಇಳಿಯಲೇ ಇಲ್ಲ.

ಫ್ರಾನ್ಸಿನ ಬಿಸಿಲಿಗೆ ಸಾವಿರಾರು ಮುದುಕರು ಸತ್ತರು. ಮಕ್ಕಳು ರಜೆಗೆಂದು ದೂರ ಹೋಗಿದ್ದರಂತೆ, ಅವರು ಬರಲೆಂದು ಎಷ್ಟೋ ಹೆಣಗಳನ್ನು ಹೂಳದೆ ಕಾದಿಟ್ಟಿದ್ದಾರಂತೆ. ಅದನ್ನು ನಾಲ್ಕು ಸಲ ಓದಿದೆ ಮಗಾ.

ಅಕ್ಕಪಕ್ಕದವರು ಒಳ್ಳೆಯವರು. ಮೆಕರೋನಿ, ಆಲೂಗಡ್ಡೆ ಬೇಯಿಸಿಕೊಂಡು ದಿನಾ ಬರುತ್ತಾರೆ. ತಳಕ್ಕೆ ಹೆಸರಿನ ಚೀಟಿ ಅಂಟಿಸಿದ ಗಾಜಿನ ಪಾತ್ರೆಗಳು ಒಂಬತ್ತು ಆಗಿವೆ, ತಿರುಗಿ ಕೊಡಬೇಕು. ಎದುರುಮನೆಯ ಬರ್ನೀಸ್ "ಒಬ್ರೇ ಕೂರಬೇಡಿ ಅರ್ಮಾಂಡ್, ನಮ್ಮನೇಗೆ ಬನ್ನಿ" ಎನ್ನುತ್ತಾಳೆ. ಹೋಗಿ ಏನು ಮಾತಾಡಲಿ? ಮನೆ ಬಿಕೋ ಎನ್ನುತ್ತದೆ. ಪತ್ರಿಕೆ ಓದಿದರೂ ಗಟ್ಟಿಯಾಗಿ ಓದಿ ಹೇಳಲು ಯಾರೂ ಇಲ್ಲ.

ದೇವರು ನಿನ್ನನ್ನು ಕಾಪಾಡಲಿ. ನಿಮ್ಮ ಕ್ಯಾಪ್ಟನ್ನರಿಗೆ ನನ್ನ ನಮಸ್ಕಾರ ತಿಳಿಸು, ಅವರ ಮೇಲೆ ಸಿಟ್ಟು ಮಾಡಬೇಡ.

ನಿನ್ನ ಅಪ್ಪ,
ಅರ್ಮಾಂಡ್

ತಾ.ಕ.: ಹೊರಡುವ ಮೊದಲು ನೀನು ಅಡುಗೆಮನೆಯಲ್ಲಿ ಕೂತು ತುಂಬಿದ ಫಾರಂ ನೆನಪಿದೆಯಾ? ಮನೆಯಲ್ಲಿ ಸಾವಾದರೆ ಸಮುದ್ರದಲ್ಲಿರುವಾಗಲೇ ತಿಳಿಸಬೇಕೇ ಎಂದಿತ್ತು. ಬೇಡ ಎಂದು ಗುರುತು ಹಾಕಲು ಪೆನ್ನು ಕೊಟ್ಟವಳೇ ಅಮ್ಮ. "ಹಾಕೋ ಹಾಕೋ, ನಾವೇನು ಇಷ್ಟು ಬೇಗ ಸಾಯ್ತೀವಾ!" ಎಂದು ನಕ್ಕಳು. ಇಪ್ಪತ್ತೊಂದರ ಬೆಳಿಗ್ಗೆ ಕಾಫಿ ಲೋಟ ಹಿಡಿದವಳು ಹಾಗೇ ಕುಸಿದಳು, ಹೃದಯಾಘಾತ. ಕ್ಯಾಪ್ಟನ್ನರಿಗೆ ಅವತ್ತೇ ಗೊತ್ತಾಯಿತು. ನಿನ್ನ ಮಾತಿನಂತೆಯೇ ಅವರು ಬಾಯಿ ಬಿಡಲಿಲ್ಲ. ನೀನು ಬರುವವರೆಗೆ ಮಣ್ಣು ಮಾಡದೆ ಕಾಯಲು ನನ್ನಿಂದಾಗಲಿಲ್ಲ, ಕ್ಷಮಿಸು ಮಗಾ. ಪತ್ರಿಕೆಗಳೆಲ್ಲ ಮೇಜಿನ ಮೇಲಿವೆ, ಅವಳ ಹಾಗೆ ಮಡಚಲು ಬರಲಿಲ್ಲ. ಈ ಸಲ ಮೊದಲಿನಿಂದ ಓದಬೇಡ. ಇಪ್ಪತ್ತಮೂರನೆಯದನ್ನು ಮೇಲೆ ಇಟ್ಟಿದ್ದೇನೆ, ಎಂಟನೇ ಪುಟದಲ್ಲಿ ಅಮ್ಮನ ಸುದ್ದಿ ಇದೆ, ಓದುವಾಗ ಪಕ್ಕದಲ್ಲಿ ನಾನಿರುತ್ತೇನೆ. ಮತ್ತೊಂದು. ದಕ್ಕೆಯ ಜನರ ನಡುವೆ ಅಮ್ಮನ ಹಳದಿ ಕೊಡೆ ಕಂಡರೆ ಅವಳೇ ಬಂದಳೆಂದುಕೊಳ್ಳಬೇಡ. ನಿನಗೆ ಗುರುತು ಸಿಗಲಿ ಎಂದು ಹಿಡಿದು ನಿಂತವನು ನಾನು.