ತಿರುಗದ ಮೀಟರುಗಳು

ಜೂನ್ ೧೧, ಗುರುವಾರ

ಪ್ರೀತಿಯ ತಮ್ಮನಿಗೆ ಅಣ್ಣನ ಆಶೀರ್ವಾದಗಳು.

ನೀನು ಹೇಗಿದ್ದೀಯ? ನಿನ್ನ ಹೆಂಡತಿಯ ಮೊಣಕಾಲು ನೋವು ಇಳಿಯಿತೆ? ಚಿನ್ನಿಯ ಜ್ವರ ಬಿಟ್ಟಿತೆ? ಗುಂಡ ಈಗಲಾದರೂ ಕನ್ನಡಕ ಹಾಕಿಕೊಳ್ಳುತ್ತಾನೋ, ಇಲ್ಲ ಜೇಬಿನಲ್ಲಿಟ್ಟುಕೊಂಡೇ ಶಾಲೆಗೆ ಹೋಗುತ್ತಾನೋ? ಮನೆಯಲ್ಲಿ ಸದ್ಯ ಒಟ್ಟು ಎಷ್ಟು ಜನ ಇದ್ದೀರಿ, ಅದನ್ನೂ ಬರೆ. ನಾವಿಬ್ಬರೂ ಇದ್ದೇವೆ. ನನ್ನ ಕೆಮ್ಮು ಎಂದಿನಂತೆಯೇ. ನಾನು ಮೆಟ್ಟಿಲು ಹತ್ತುವ ಮೊದಲೇ ಅದು ಹತ್ತಿ ಹೋಗಿ ಬಾಗಿಲು ತಟ್ಟುತ್ತದೆ ಎಂದು ನಿನ್ನ ಅತ್ತಿಗೆ ನಗುತ್ತಾಳೆ.

ನಿನ್ನ ಕಾಗದ ಬಂದು ಐದು ವಾರವಾಯಿತು. ತಡವಾಗಿದ್ದಕ್ಕೆ ಬೇಸರಪಡಬೇಡ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹರಿದು ಹಾಕಿದೆ. ನೀನು ಕೇಳಿದ್ದು ಇಷ್ಟೇ: "ಅಣ್ಣ, ಮನೆಯ ಬೆಲೆ ಹೀಗೆ ಏರುತ್ತಿರುವುದು ಗಾಳಿ ತುಂಬಿದ ಗುಳ್ಳೆಯೋ, ನಿಜವಾಗಿಯೂ ಮನೆಗಳು ಸಾಲದೋ? ಈಗಲೇ ಕೊಳ್ಳಲೋ, ಗುಳ್ಳೆ ಒಡೆಯಲಿ ಎಂದು ಕಾಯಲೋ? ನೀನು ಹೇಳಿದಂತೆ ಮಾಡುತ್ತೇನೆ." ಆ ಕೊನೆಯ ಮಾತೇ ನನ್ನ ಕೈ ಕಟ್ಟಿಹಾಕಿತು.

ನಾನು ಮೂರನೆಯ ತರಗತಿಗೆ ಶಾಲೆ ಬಿಟ್ಟವನು. ಉಳಿದದ್ದೆಲ್ಲ ಕರೆಂಟು ಮೀಟರು ಓದುತ್ತ ಓದುತ್ತ ಕಲಿತದ್ದು. ಹಿಂದಿನ ತಿಂಗಳ ಅಂಕಿಯೇ ಇದ್ದರೆ ಪುಸ್ತಕದಲ್ಲಿ ಒಂದು ಅಡ್ಡಗೆರೆ ಎಳೆಯುತ್ತೇನೆ. ಸತತವಾಗಿ ಮೂರು ಅಡ್ಡಗೆರೆ ಬಿದ್ದರೆ ಪಕ್ಕದಲ್ಲಿ ಖಾಲಿ ಎಂದು ಬರೆಯುತ್ತೇನೆ. ಮೀಟರು ಬಾಗಿಲ ಹೊರಗೇ ಇರುತ್ತದಲ್ಲ, ಯಾರ ಬಾಗಿಲನ್ನೂ ತಟ್ಟಬೇಕಾಗಿಲ್ಲ. ಮೂವತ್ತೊಂದು ವರ್ಷದ ರೂಢಿ.

ನಮ್ಮ ಬೀದಿಯ ಕೊನೆಗೆ ಹದಿನಾಲ್ಕು ಮಹಡಿಯ ಕಟ್ಟಡ ಎದ್ದದ್ದು ನಿನಗೆ ಗೊತ್ತು. ನೂರ ಹನ್ನೆರಡು ಮನೆಗಳು, ಒಂದೂ ಬಿಡದೆ ಮಾರಾಟವಾದವು. ನನ್ನ ಪುಸ್ತಕದಲ್ಲಿ ಅವುಗಳಲ್ಲಿ ಎಪ್ಪತ್ತೊಂದು ಖಾಲಿ. ಕೊಂಡವರು ವಾಸಕ್ಕೆ ಕೊಂಡವರಲ್ಲ, ಇನ್ನೊಬ್ಬರಿಗೆ ಹೆಚ್ಚಿಗೆ ಮಾರಲು ಕೊಂಡವರು. ಕ್ಷೌರದ ಅಂಗಡಿಯಲ್ಲಿ ಕೂತು ನಾನು ಪಂಡಿತನ ಹಾಗೆ ಹೇಳುತ್ತಿದ್ದೆ, "ಕೊರತೆ ಗಿರತೆ ಎಲ್ಲ ಸುಳ್ಳು ಕಣಯ್ಯ, ಬರೀ ಗಾಳಿ. ಮೀಟರು ಸುಳ್ಳು ಹೇಳಲ್ಲ."

ಕ್ಷೌರಿಕ ಕತ್ತರಿ ನಿಲ್ಲಿಸಿ ಅನ್ನುತ್ತಿದ್ದ, "ಇರಬಹುದು ಯಜಮಾನ್ರೇ. ನಮ್ಮ ಮನೇಲಿ ಒಂದು ಕೋಣೇಲಿ ಆರು ಜನ ಮಲಗ್ತೀವಿ. ಒಬ್ಬ ಮಗ್ಗುಲು ಬದಲಿಸಿದ್ರೆ ಆರೂ ಜನ ಬದಲಿಸಬೇಕು. ಅದು ನಿಮ್ಮ ಮೀಟರಲ್ಲಿ ಬರುತ್ತಾ?"

"ನೀನು ತಲೆ ನೋಡಿಕೊ, ಮನೆ ನಾನು ನೋಡ್ಕೋತೀನಿ," ಎಂದು ಅವನ ಬಾಯಿ ಮುಚ್ಚಿಸಿದ್ದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ಮೂರು ವರ್ಷದ ಹಿಂದೆ ಮಗಳಿಗೂ ಇದನ್ನೇ ಹೇಳಿದ್ದೆ. ಅಳಿಯ ಗಾರೆ ಕೆಲಸದವನು. ಊರ ಹೊರಗೆ ಎರಡು ಕೋಣೆಯ ಮನೆ ನೋಡಿ ಮಾತು ಮುಗಿಸಿಕೊಂಡು ಬಂದಿದ್ದ. "ಈ ಬೆಲೆಗೆ ತಲೆ ಕೆಟ್ಟವರು ಕೊಳ್ತಾರೆ, ಸ್ವಲ್ಪ ಕಾಯಿರಿ," ಎಂದೆ. ನನ್ನ ಮಾತು ಕೇಳಿ ಆ ಮನೆ ಬಿಟ್ಟುಬಿಟ್ಟರು. ಆರೇ ತಿಂಗಳಲ್ಲಿ ಆ ಮನೆ ಕೈಗೆಟುಕದಾಯಿತು. ಆಮೇಲೆ ಬಾಡಿಗೆಯೂ ಏರಿ, ಇದ್ದ ಮನೆಯನ್ನೂ ಬಿಡಬೇಕಾಯಿತು. ಇಲ್ಲಿಗೇ ಬನ್ನಿ ಎಂದರೆ ಮಗಳು, "ನಿಮ್ದು ಒಂದೇ ಕೋಣೆ ಅಪ್ಪ. ನಾವು ಬೇರೆ ಕಡೆ ಹಿಡಿದಿದ್ದೀವಿ, ಒಳ್ಳೆ ಬೆಳಕಿರೋ ಮನೆ," ಎಂದಳು. ವಿಳಾಸ ಕೇಳಿದರೆ, "ಒಂದಿನ ನಾನೇ ಕರ್ಕೊಂಡು ಹೋಗ್ತೀನಿ ಬಿಡಿ." ತಿಂಗಳಿಗೊಮ್ಮೆ ಮಗುವನ್ನು ಎತ್ತಿಕೊಂಡು ಬರುವಳು, ಸಂಜೆಯೊಳಗೆ ಹೊರಟುಬಿಡುವಳು.

ನನ್ನ ಮಾತಿಗೆ ಸಾಕ್ಷಿ ಬೇಕೆನಿಸಿತ್ತು ನೋಡು. ಪತ್ರಿಕೆಯ ಹುಡುಗಿಯೊಬ್ಬಳು ಬೆಲೆಗಳ ಬಗ್ಗೆ ವಿಚಾರಿಸುತ್ತ ಬಂದಾಗ ಪುಸ್ತಕವನ್ನೇ ಬಿಚ್ಚಿ ಮುಂದಿಟ್ಟೆ. ಮನೆ ನಂಬರುಗಳ ಸಮೇತ ಬರೆದುಕೊಂಡಳು. ಅದು ಅಚ್ಚಾದ ದಿನ ಐದು ಪ್ರತಿ ಕೊಂಡೆ. ಒಂದನ್ನು ಕತ್ತರಿಸಿ ನಿನಗೂ ಕಳಿಸಿದೆ. ಅದನ್ನು ಓದಿಯೇ ತಾನೆ ನೀನು ನನ್ನನ್ನು ಇಷ್ಟು ನಂಬಿದ್ದು?

ಮುಂದಿನ ತಿಂಗಳು ಮೀಟರು ಓದಲು ಆ ಕಟ್ಟಡಕ್ಕೆ ಹೋದಾಗ ಕಾವಲುಗಾರ ಗೇಟಿನ ಹೊರಗೆ ತನ್ನ ಹಾಸಿಗೆ ಸುತ್ತಿಟ್ಟುಕೊಂಡು ಕೂತಿದ್ದ.

"ಪೇಪರಲ್ಲಿ ನಂಬರು ನೋಡಿ ಮಾಲೀಕರು ಗಾಬರಿಯಾದ್ರು," ಎಂದ. "ಆಳು ಕಳಿಸಿ ಎಪ್ಪತ್ತೊಂದು ಬಾಗಿಲೂ ತೆಗೆಸಿದ್ರು. ಒಂಬತ್ತು ಮನೇಲಿ ಸಂಸಾರ ಇತ್ತು."

"ಸಂಸಾರವೆ? ಒಂದು ಯೂನಿಟ್ಟೂ ಓಡಿಲ್ಲವಲ್ಲಯ್ಯ."

"ಲೈಟು ಹಾಕಿದ್ರೆ ನಿಮ್ಮ ಪುಸ್ತಕದಲ್ಲಿ ಬೀಳುತ್ತಲ್ಲ. ಎರಡು ವರ್ಷ ಕತ್ತಲಲ್ಲೇ ಇದ್ರು. ಎಲ್ಲ ಇಲ್ಲೇ ಕೆಲಸ ಮಾಡಿದೋರು, ಬಣ್ಣದೋರು, ಗಾರೆಯೋರು, ನಲ್ಲಿಯೋರು. ಬೀಗದ ಕೈ ಕೊಟ್ಟಿದ್ದು ನಾನೇ. ಒಂದು ಗಂಟೇಲಿ ಎಲ್ಲರನ್ನೂ ಹೊರಗೆ ಹಾಕಿದ್ರು. ಈಗ ನಾನೂ ಹೊರಗೆ."

ಬೆಲೆ ಇಳಿಯಿತೆ ಎಂದು ಕೇಳುತ್ತೀಯ. ಇಲ್ಲ, ಇನ್ನೂ ಏರಿದೆ. ಕಟ್ಟಡ ಪೂರ್ತಿ ಕ್ಲೀನಾಗಿದೆ ಎಂದು ದಲ್ಲಾಳಿ ಹೇಳಿಕೊಂಡು ತಿರುಗುತ್ತಿದ್ದಾನೆ.

ಹಾಗಾಗಿ ನಿನ್ನ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ ತಮ್ಮ. ನಾನು ಕಂಡ ಬೀಗಗಳೂ ನಿಜ, ಕ್ಷೌರಿಕನ ಆರು ಜನವೂ ನಿಜ. ಅಷ್ಟು ಮನೆಗಳು ಸುಮ್ಮನೆ ಬಿದ್ದಿರುವಾಗಲೇ ಮನೆಯಿಲ್ಲದವರು ಅಷ್ಟು ಮಂದಿ ಇರಬಹುದು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಗುಳ್ಳೆ ಇದ್ದರೂ ಇರಬಹುದು. ಅದು ಒಡೆಯುವವರೆಗೆ ಮನುಷ್ಯ ಎಲ್ಲಿ ಮಲಗಬೇಕು ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನೀವು ಗಂಡ ಹೆಂಡತಿ ಕೂತು ಯೋಚಿಸಿ, ನಿಮಗೆ ತೋಚಿದಂತೆ ಮಾಡಿ. ಅಣ್ಣ ಹೇಳಿದ ಎಂದು ಮಾತ್ರ ಏನನ್ನೂ ಮಾಡಬೇಡಿ.

ನಿಮಗೆಲ್ಲ ಒಳ್ಳೆಯದಾಗಲಿ. ಚಿನ್ನಿಗೂ ಗುಂಡನಿಗೂ ದೊಡ್ಡಪ್ಪನ ಮುತ್ತುಗಳು.

ಇಂತು ನಿನ್ನ
ಅಣ್ಣ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಕಾವಲುಗಾರ ಕೊನೆಗೆ ಇನ್ನೊಂದು ಮಾತು ಹೇಳಿದ. "ಏಳನೇ ಮಹಡಿ ಗಾರೆಯವನ ಹೆಂಡತಿ ಹೋಗುವಾಗ ತುಂಬ ಅತ್ತಳು ಯಜಮಾನ್ರೇ. ಪ್ರತಿ ತಿಂಗಳು ನಿಮ್ಮ ಕೆಮ್ಮು ಕೇಳಿದ ಕೂಡಲೇ ಮಗುವಿನ ಬಾಯಿ ಮುಚ್ಚಿ ಹಿಡ್ಕೊಂಡು ಕೂರ್ತಿದ್ಲಂತೆ. ಬಿಟ್ಟರೆ ಅದು ತಾತ ಅಂತ ಕೂಗಿಬಿಡುತ್ತಿತ್ತಂತೆ." ಆ ಬಾಗಿಲ ಮುಂದೆ ನಿಂತು ಇಪ್ಪತ್ತು ಅಡ್ಡಗೆರೆ ಎಳೆದಿದ್ದೇನೆ ತಮ್ಮ. ಅವರು ಹೊರಬಿದ್ದು ಹದಿನೆಂಟು ದಿನವಾಯಿತು. ಇತ್ತ ಬರಲಿಲ್ಲ, ಫೋನು ಎತ್ತುತ್ತಿಲ್ಲ. ಮಗಳಿಗೆ ಬಿಡುವಿಲ್ಲದ ಕೆಲಸ ಎಂದು ನಿನ್ನ ಅತ್ತಿಗೆಗೆ ಹೇಳಿದ್ದೇನೆ. ನಿನಗೂ ಫೋನು ಮಾಡಲಿಲ್ಲ. ಮಗಳು ಅಲ್ಲಿ ನಿನ್ನ ಪಕ್ಕದಲ್ಲೇ ಕೂತಿದ್ದು, ನನ್ನ ದನಿ ಕೇಳಿ ಮತ್ತೆ ಎದ್ದು ಹೋದರೆ ಎಂಬ ಭಯ. ನಿನ್ನಲ್ಲಿಗೆ ಬಂದಿದ್ದರೆ ಏನೂ ಕೇಳಬೇಡ, ಇರಲು ಬಿಡು. ಮನೆಯಲ್ಲಿ ಎಷ್ಟು ಜನ ಇದ್ದೀರಿ ಎಂಬುದೊಂದನ್ನು ಮಾತ್ರ ಬರೆ, ಸಾಕು. ಬೇಗ ಬರೆ.